ನೀರಿನ ಮೀಟರಿನೊಳಗಿನ ಘಾತಾಂಕ

ಮಾಗಡಿ ರಸ್ತೆಯ ಬ್ಯಾಡರಹಳ್ಳಿಯ ಬೀದಿಗಳಲ್ಲಿ ಗೇಟಿನ ಪಕ್ಕ ನೀರಿನ ಮೀಟರ್ ಕಂಡರೆ ಅದರ ಮುಚ್ಚಳ ಎತ್ತಿ ನೋಡಿ. ಮೇಲುಗಡೆ ಕಪ್ಪು ಅಂಕಿಗಳ ಸಾಲು ಇರುತ್ತದೆ. ಅದು ಘನ ಮೀಟರಿನ ಲೆಕ್ಕ, ಅಂದರೆ ಸಾವಿರ ಲೀಟರಿಗೆ ಒಂದು. ಬಿಲ್ಲಿಗೆ ಬೇಕಾದದ್ದು ಅಷ್ಟೇ. ಅದರ ಕೆಳಗೆ, ಮನೆಬಳಕೆಯ ಸಾಮಾನ್ಯ ಮೀಟರುಗಳಲ್ಲಿ, ಕೆಂಪು ಮುಳ್ಳಿನ ನಾಲ್ಕು ಪುಟ್ಟ ವೃತ್ತಗಳಿರುತ್ತವೆ. ಅವುಗಳ ಪಕ್ಕದಲ್ಲಿ ×0.1, ×0.01, ×0.001, ×0.0001 ಎಂದು ಅಚ್ಚಾಗಿರುತ್ತದೆ. ಬಿಲ್ ಬರೆಯುವವರೂ ಇವನ್ನು ನೋಡುವುದಿಲ್ಲ, ಬಿಲ್ ಕಟ್ಟುವವರೂ ನೋಡುವುದಿಲ್ಲ. ಆದರೆ ಶಾಲೆಯಲ್ಲಿ ಮಕ್ಕಳು ಮಗ್ಗಿಯಂತೆ ಉರು ಹೊಡೆಯುವ ಘಾತಾಂಕದ ನಿಯಮಗಳೆಲ್ಲ ಈ ನಾಲ್ಕು ಮುಳ್ಳುಗಳಲ್ಲೇ ಅಡಗಿವೆ. ಅವು ಬೇರೆ ಬೇರೆ ನಿಯಮಗಳೂ ಅಲ್ಲ, ಒಂದೇ ಎಣಿಕೆಯ ಬೇರೆ ಬೇರೆ ಮುಖಗಳು ಎಂಬುದು ನನ್ನ ವಾದ.

ನೀರು ಒಳಗೆ ನುಗ್ಗಿ ರೆಕ್ಕೆಯ ಚಕ್ರವೊಂದನ್ನು ತಿರುಗಿಸುತ್ತದೆ. ಆ ತಿರುಗಾಟ ಹಲ್ಲುಚಕ್ರಗಳ ಮೂಲಕ ಮುಳ್ಳಿನಿಂದ ಮುಳ್ಳಿಗೆ ದಾಟುತ್ತದೆ, ಪ್ರತಿ ದಾಟಿನಲ್ಲೂ ವೇಗ ಹತ್ತನೇ ಒಂದಕ್ಕೆ ಇಳಿಯುತ್ತದೆ. ×0.0001ರ ಮುಳ್ಳು ಒಂದು ಸುತ್ತು ಬಂದರೆ ಒಂದು ಲೀಟರ್. ಪಕ್ಕದ ಮುಳ್ಳಿನ ಒಂದು ಸುತ್ತಿಗೆ ಹತ್ತು ಲೀಟರ್, ಅದರಾಚೆಯದಕ್ಕೆ ನೂರು, ಕೊನೆಯದಕ್ಕೆ ಸಾವಿರ. ಆಗ ಕಪ್ಪು ಅಂಕಿ ಒಂದು ಮನೆ ಮುಂದೆ ಸರಿಯುತ್ತದೆ. ಈಗ ನಿಧಾನದ ಮುಳ್ಳು ಒಂದು ಸುತ್ತು ಬರಲು ವೇಗದ ಮುಳ್ಳು ಎಷ್ಟು ಸುತ್ತಬೇಕು ಎಂದು ಕೇಳಿಕೊಳ್ಳಿ. ನಡುವೆ ಎರಡು ಹಂತವಿದ್ದರೆ 10², ಮೂರು ಹಂತವಿದ್ದರೆ 10³. ಎರಡು ಹಂತದ ಸರಣಿಗೆ ಮೂರು ಹಂತದ ಇನ್ನೊಂದನ್ನು ಜೋಡಿಸಿದರೆ ಸುತ್ತುಗಳು ಗುಣಿಸಿಕೊಳ್ಳುತ್ತವೆ, ಹಂತಗಳು ಮಾತ್ರ ಕೂಡಿಕೊಳ್ಳುತ್ತವೆ: 10² × 10³ = 10⁵. ಘಾತಾಂಕಗಳನ್ನು ಗುಣಿಸಿ 10⁶ ಎಂದು ಬರೆಯುವ ಮಗು ಇಲ್ಲದ ಚಕ್ರವೊಂದನ್ನು ಮೀಟರಿಗೆ ಸೇರಿಸಿದಂತಾಯಿತು. ಎರಡೆರಡು ಹಂತದ ಮೂರು ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟರೆ ಮಾತ್ರ ಆರು ಹಂತ, ಅದೇ (10²)³.

ಇದೆಲ್ಲ ಸರಿ, ಆದರೆ 10⁰ = 1 ಎನ್ನುವುದು ಗಣಿತದವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಕಟ್ಟಳೆಯಲ್ಲವೇ ಎಂಬ ಆಕ್ಷೇಪ ಹಳೆಯದು. ಹತ್ತನ್ನು ಸೊನ್ನೆ ಸಲ ಗುಣಿಸುವುದೆಂದರೇನು? ಗುಣಾಕಾರವನ್ನೇ ಹಿಡಿದು ಕೂತರೆ ಈ ಪ್ರಶ್ನೆಗೆ ಉತ್ತರವಿಲ್ಲ. ಹಂತ ಎಣಿಸಿದರೆ ಇದೆ: ಒಂದು ಮುಳ್ಳಿಗೂ ಅದೇ ಮುಳ್ಳಿಗೂ ನಡುವೆ ಇರುವುದು ಸೊನ್ನೆ ಹಂತ, ಅದು ಒಂದು ಸುತ್ತು ಬಂದರೆ ತಾನೂ ಒಂದೇ ಸುತ್ತು ಬಂದಿರುತ್ತದೆ. ಸೊನ್ನೆ ಸುತ್ತು ಎಂದರೆ ಮೀಟರು ಕೆಟ್ಟಿದೆ ಎಂದರ್ಥ. ಋಣ ಘಾತಾಂಕಕ್ಕೆ ಅದೇ ಸಾಲನ್ನು ತಿರುಗಿ ಓದಿದರೆ ಸಾಕು. ವೇಗದ ಮುಳ್ಳು ಒಂದು ಸುತ್ತು ಬಂದಾಗ ಮೂರು ಹಂತದಾಚೆಯದು ಸಾವಿರದಲ್ಲಿ ಒಂದು ಪಾಲು ಸುತ್ತು ಸರಿದಿರುತ್ತದೆ, ಅಂದರೆ 10⁻³. ಮೀಟರಿನ ಮುಖದ ಮೇಲಿನ ×0.001 ಎಂಬ ಬರಹ ಇದೇ.

ಸಂಖ್ಯೆಯನ್ನು ಬಿಟ್ಟು ಹಂತವನ್ನು ಎಣಿಸುವ ಈ ಉಪಾಯ ಕನ್ನಡ ನಾಡಿಗೆ ಹೊಸತೇನಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದ ವೀರಸೇನಾಚಾರ್ಯರ ‘ಧವಲಾ’ ಟೀಕೆಯಲ್ಲಿ ‘ಅರ್ಧಚ್ಛೇದ’ ಎಂಬ ಮಾತು ಬರುತ್ತದೆ. ಒಂದು ಸಂಖ್ಯೆಯನ್ನು ಒಂದಕ್ಕೆ ಇಳಿಯುವವರೆಗೆ ಎಷ್ಟು ಸಲ ಅರ್ಧ ಮಾಡಬಹುದು ಎಂಬ ಲೆಕ್ಕ ಅದು. 32ಕ್ಕೆ 5, 8ಕ್ಕೆ 3. ಎರಡನ್ನೂ ಗುಣಿಸಿದ 256ಕ್ಕೆ 8. ಗುಣಲಬ್ಧದ ಅರ್ಧಚ್ಛೇದ ಎಂದರೆ ಅರ್ಧಚ್ಛೇದಗಳ ಮೊತ್ತ ಎಂಬುದು ಆ ಪಂಡಿತರಿಗೆ ಗೊತ್ತಿತ್ತು. ಇಂದಿನ ಲಾಗರಿದಮ್ ಇದರ ಹತ್ತಿರದ ನೆಂಟ.

ಯಂತ್ರದ ಹೋಲಿಕೆ ಎಲ್ಲ ಕಡೆ ಒದಗುವುದಿಲ್ಲ ಎಂದರೆ ಒಪ್ಪಬೇಕು. ಅರ್ಧ ಹಂತ ಎಂದರೇನು? ಒಂದೇ ಅನುಪಾತದ ಎರಡು ಜೋಡಿ ಚಕ್ರಗಳು ಸೇರಿ ಹತ್ತಾಗಬೇಕು, ಹಾಗಾಗಿ ಒಂದೊಂದರ ಅನುಪಾತ ಹತ್ತರ ವರ್ಗಮೂಲ, ಸುಮಾರು 3.162. ಇಲ್ಲಿಯವರೆಗೆ ತೊಡಕಿಲ್ಲ. ಆದರೆ ಪೀಣ್ಯ ಕೈಗಾರಿಕಾ ಪ್ರದೇಶದ ಎಂಥ ನುರಿತ ಕೈಯೂ ಆ ಜೋಡಿಯನ್ನು ಕರಾರುವಾಕ್ಕಾಗಿ ಮಾಡಲಾರದು, ಏಕೆಂದರೆ ಹಲ್ಲುಗಳು ಪೂರ್ಣ ಸಂಖ್ಯೆಯಲ್ಲೇ ಇರಬೇಕು, ಹತ್ತರ ವರ್ಗಮೂಲವೋ ಯಾವ ಎರಡು ಪೂರ್ಣ ಸಂಖ್ಯೆಗಳ ಅನುಪಾತವೂ ಅಲ್ಲ. 19 ಹಲ್ಲಿಗೆ 60 ಹಲ್ಲು ಕೂಡಿಸಿ ಅಂಥ ಎರಡು ಜೋಡಿ ಇಟ್ಟರೆ ಸಿಗುವುದು 9.97. ಸಾವಿರ ಲೀಟರ್ ಅಳೆಯುವಾಗ ಅಲ್ಲಿಗೆ ಸುಮಾರು ಮೂರು ಲೀಟರಿನ ವ್ಯತ್ಯಾಸ.