ರೇಷ್ಮೆ ಸಾಕಣೆಯಲ್ಲಿ ಮನೆಯವರ ದುಡಿಮೆಯ ಲೆಕ್ಕ

ನಮ್ಮ ದೇಶದ ಹಳ್ಳಿಗಳಲ್ಲಿ ಪರರ ಕೂಲಿಗಾಗಲಿ ಸಂಬಳಕ್ಕಾಗಲಿ ಹೋಗದೆ, ಸ್ವಂತ ಹೊಲದಲ್ಲಿಯೋ ಮನೆಯ ಕಸುಬಿನಲ್ಲಿಯೋ ದುಡಿದು ಜೀವಿಸುವವರೇ ಹೆಚ್ಚು. ಇದಕ್ಕೆ ಸ್ವಯಂ ಉದ್ಯೋಗವೆಂದು ಹೆಸರು. ೨೦೧೭ರಲ್ಲಿ ಆರಂಭವಾದ ಭಾರತ ಸರ್ಕಾರದ ಶ್ರಮಶಕ್ತಿ ಸಮೀಕ್ಷೆಯು ಇಂತಹವರನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ: ಕಸುಬನ್ನು ತಾವೇ ನಡೆಸುವವರು, ಆಳುಗಳನ್ನಿಟ್ಟು ನಡೆಸುವವರು, ಮತ್ತು ಮನೆಯ ಕಸುಬಿನಲ್ಲಿ ಪ್ರತಿಫಲವಿಲ್ಲದೆ ನೆರವಾಗುವವರು. ಹಳ್ಳಿಯ ಗಂಡಸರಲ್ಲಿ ಮೊದಲನೆಯ ವರ್ಗದವರು ಅಧಿಕ. ಮೂರನೆಯ ವರ್ಗದಲ್ಲಿ ಹೆಂಗಸರ ಪಾಲೇ ದೊಡ್ಡದು. ಒಂದೇ ಕಸುಬಿನಲ್ಲಿ ದುಡಿಯುವ ಗಂಡ ಹೆಂಡಿರಲ್ಲಿ ಒಬ್ಬರ ದುಡಿಮೆ ಲೆಕ್ಕಕ್ಕೆ ಬಂದು ಇನ್ನೊಬ್ಬರದು ಬಾರದಿದ್ದರೆ ಆ ಕಸುಬಿಗೇ ನಷ್ಟವುಂಟೆಂಬುದನ್ನು ರೇಷ್ಮೆ ಸಾಕಣೆಯ ಉದಾಹರಣೆಯಿಂದ ಇಲ್ಲಿ ವಿವರಿಸಲಾಗುವುದು.

ಕೆಲಸದ ಹಂಚಿಕೆ.— ರಾಮನಗರ, ಕೋಲಾರ, ಶಿಡ್ಲಘಟ್ಟ, ಕೊಳ್ಳೇಗಾಲಗಳ ಸೀಮೆಯಲ್ಲಿ ಈ ಕಸುಬು ಬಹುಕಾಲದಿಂದ ನೆಲೆಯೂರಿರುವುದು ಸರ್ವರಿಗೂ ತಿಳಿದ ವಿಷಯ. ನೂರು ಮೊಟ್ಟೆ ಎಂದು ನಾವು ಕರೆಯುವುದರಿಂದ ನಲವತ್ತರಿಂದ ಐವತ್ತು ಸಾವಿರ ಹುಳುಗಳು ಹೊರಡುತ್ತವೆ. ಇವು ನಾಲ್ಕು ಜ್ವರಗಳನ್ನು ದಾಟಿ, ಸುಮಾರು ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟು ದಿನಗಳಲ್ಲಿ ಹಣ್ಣಾಗುತ್ತವೆ. ಅವು ತಿನ್ನುವ ಒಟ್ಟು ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚಿನದು ನಾಲ್ಕನೆಯ ಜ್ವರವೆದ್ದ ಮೇಲಿನ ಒಂದು ವಾರದಲ್ಲಿಯೇ ಖರ್ಚಾಗುತ್ತದೆ. ಆ ವಾರ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ರೆಯಿರುವುದಿಲ್ಲ.

ತೋಟದ ಉಳುಮೆ, ನೀರು ಗೊಬ್ಬರಗಳ ಏರ್ಪಾಡು, ಗೂಡನ್ನು ಮಾರುಕಟ್ಟೆಗೆ ಒಯ್ಯುವುದು, ಇವು ಸಾಮಾನ್ಯವಾಗಿ ಗಂಡಸರ ಕೆಲಸ. ಸೊಪ್ಪು ಬಿಡಿಸುವುದು, ಹೊತ್ತುಹೊತ್ತಿಗೆ ಹಾಕುವುದು, ತಟ್ಟೆಯ ಕಸ ತೆಗೆಯುವುದು, ರೋಗದ ಹುಳುಗಳನ್ನು ಆರಿಸಿ ಬೇರ್ಪಡಿಸುವುದು, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಇವು ಬಹುಪಾಲು ಹೆಂಗಸರ ಕೈಯಲ್ಲಿವೆ. ಬೆಳೆ ಕೈಗೂಡುವುದೂ ಕೆಡುವುದೂ ಈ ಎರಡನೆಯ ಬಗೆಯ ಕೆಲಸಗಳ ಅಚ್ಚುಕಟ್ಟನ್ನು ಅವಲಂಬಿಸಿದೆ. ೧೯೮೦ರಲ್ಲಿ ಊಜಿ ನೊಣವು ಕರ್ನಾಟಕಕ್ಕೆ ಕಾಲಿಟ್ಟಂದಿನಿಂದ, ಸಾಕಣೆ ಮನೆಯ ಬಾಗಿಲು ಪರದೆಗಳನ್ನು ಎಚ್ಚರದಿಂದ ನೋಡಿಕೊಳ್ಳುವ ಹೊಣೆಯೂ ಹೆಚ್ಚಿನ ಮಟ್ಟಿಗೆ ಅವರದೇ ಆಗಿದೆ.

ಲೆಕ್ಕದ ಮಾದರಿ.— ನೂರು ಮೊಟ್ಟೆಯ ಒಂದು ಬೆಳೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಧಾರಣೆಯೂ ಖರ್ಚೂ ಊರಿನಿಂದೂರಿಗೆ, ಕಾಲದಿಂದ ಕಾಲಕ್ಕೆ ಬೇರೆಯಾಗುವುವಾದ್ದರಿಂದ ಓದುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳತಕ್ಕದ್ದು.

ಗೂಡು ೬೫ ಕಿಲೋ, ಕಿಲೋ ಒಂದಕ್ಕೆ ೫೦೦ ರೂ.ನಂತೆ: ೩೨,೫೦೦ ರೂ.
ಚಾಕಿ ಹುಳು, ಗೊಬ್ಬರ, ಔಷಧ, ಕೂಲಿ, ಸಾಗಣೆ ಮೊದಲಾದ ಕೈಖರ್ಚು: ೧೧,೫೦೦ ರೂ.
ಉಳಿಕೆ: ೨೧,೦೦೦ ರೂ.

ಅನೇಕರು ಇಲ್ಲಿಗೇ ಲೆಕ್ಕವನ್ನು ಮುಗಿಸಿ, ಇಪ್ಪತ್ತೊಂದು ಸಾವಿರ ಲಾಭವಾಯಿತೆಂದು ಹೇಳುತ್ತಾರೆ. ಆದರೆ ಇದೇ ಬೆಳೆಗೆ ಯಜಮಾನನು ೧೩೦ ಗಂಟೆ, ಆತನ ಹೆಂಡತಿ ೧೭೦ ಗಂಟೆ ದುಡಿದರೆಂದು ಭಾವಿಸೋಣ. ಎಂಟು ಗಂಟೆಯ ಒಂದು ಆಳಿಗೆ ೪೦೦ ರೂ.ನಂತೆ ಹಿಡಿದರೆ ಆತನ ದುಡಿಮೆಯ ಬೆಲೆ ೬,೫೦೦ ರೂ., ಆಕೆಯದು ೮,೫೦೦ ರೂ. ಒಟ್ಟು ೧೫,೦೦೦ ರೂ.ಗಳನ್ನು ಕಳೆದರೆ ಕಸುಬಿನ ನಿಜವಾದ ಲಾಭ ೬,೦೦೦ ರೂ. ಮಾತ್ರ. ದರ ಹಿಡಿಯುವಾಗ ಗಂಡಸಿಗೊಂದು ಹೆಂಗಸಿಗೊಂದು ಎಂಬ ಭೇದವು ಸಲ್ಲದು. ಒಂದೇ ಕೆಲಸಕ್ಕೆ ಒಂದೇ ಕೂಲಿಯೆಂಬುದು ೧೯೭೬ರಲ್ಲಿಯೇ ಶಾಸನವಾಯಿತು.

ಲೆಕ್ಕವಿಡದಿದ್ದರೆ ಆಗುವ ನಷ್ಟ.— ಒಂದನೆಯದಾಗಿ, ಪುಕ್ಕಟೆಯೆಂದು ತಿಳಿದುದನ್ನು ಯಾರೂ ಉಳಿತಾಯ ಮಾಡುವುದಿಲ್ಲ. ಎಲೆಯನ್ನು ಒಂದೊಂದಾಗಿ ಬಿಡಿಸಿ ದಿನಕ್ಕೆ ನಾಲ್ಕೈದು ಸಲ ಹಾಕುವುದರ ಬದಲು, ಮೂರನೆಯ ಹಂತದಿಂದ ಮುಂದೆ ರೆಂಬೆಸಮೇತ ಸೊಪ್ಪನ್ನು ಅಂಕಣಗಳ ಮೇಲೆ ಎರಡು ಮೂರು ಸಲ ಹಾಕಿದರೆ ಸಾಕಾಗುತ್ತದೆ. ಕಸ ತೆಗೆಯುವ ಶ್ರಮವೂ ಬಹಳ ತಗ್ಗುತ್ತದೆ. ಸೊಪ್ಪು ಬೇಗ ಬಾಡುವುದಿಲ್ಲ. ಹೀಗಿದ್ದರೂ ಅಂಕಣಗಳಿಗೆ ತಗಲುವ ಹಣವನ್ನು ಕಂಡು ಹಿಂಜರಿಯುವವರು ಅನೇಕರು. ಆ ಹಣವು ಕಣ್ಣಿಗೆ ಕಾಣುತ್ತದೆ. ಬೆಳೆಬೆಳೆಗೂ ವ್ಯಯವಾಗುವ ಆಕೆಯ ನೂರಾರು ಗಂಟೆಗಳು ಯಾವ ಪುಸ್ತಕದಲ್ಲಿಯೂ ಕಾಣುವುದಿಲ್ಲ. ಆ ಗಂಟೆಗಳಿಗೆ ಬೆಲೆ ಕಟ್ಟಿದ ಮನೆಯಲ್ಲಿ ಅಂಕಣದ ಖರ್ಚು ಎಷ್ಟು ಬೆಳೆಗಳಲ್ಲಿ ತೀರುವುದೆಂಬುದು ತಾನಾಗಿ ತಿಳಿಯುತ್ತದೆ.

ಎರಡನೆಯದಾಗಿ, ಬೆಳೆಯನ್ನು ಹೆಚ್ಚಿಸುವಾಗ ತಪ್ಪು ನಿರ್ಧಾರವಾಗುತ್ತದೆ. ನೂರು ಮೊಟ್ಟೆಯಿಂದ ಇಪ್ಪತ್ತೊಂದು ಸಾವಿರ ಬಂದರೆ ಇನ್ನೂರರಿಂದ ನಲವತ್ತೆರಡು ಬರಬೇಕೆಂದು ಎಣಿಸುವುದು ಸಹಜ. ಆದರೆ ಮನೆಯಾಕೆಗೆ ಮತ್ತೆ ೧೭೦ ಗಂಟೆಗಳು ಎಲ್ಲಿಂದ ಬರಬೇಕು? ೨೦೧೯ರ ಕಾಲ ವಿನಿಯೋಗ ಸಮೀಕ್ಷೆಯ ಪ್ರಕಾರ, ಪ್ರತಿಫಲವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ೨೯೯ ನಿಮಿಷಗಳನ್ನೂ ಗಂಡಸರು ೯೭ ನಿಮಿಷಗಳನ್ನೂ ಅದಕ್ಕೆ ವಿನಿಯೋಗಿಸುತ್ತಾರೆ. ಅಡಿಗೆ, ನೀರು, ಮಕ್ಕಳು, ದನಕರುಗಳ ಮೇಲೆ ಸಾಕಣೆಯೂ ಇಮ್ಮಡಿಯಾದರೆ, ಒಂದೋ ಕೂಲಿಯಾಳನ್ನು ಕರೆಯಬೇಕು, ಇಲ್ಲವೆ ಮಗಳನ್ನು ಶಾಲೆ ಬಿಡಿಸಬೇಕು. ಎರಡನ್ನೂ ಮಾಡದಿದ್ದರೆ ಹುಳುವಿನ ಆರೈಕೆ ಸಡಿಲವಾಗಿ ಹಾಲುರೋಗ, ಸಪ್ಪೆರೋಗಗಳಿಗೆ ದಾರಿಯಾಗುತ್ತದೆ.

ಮೂರನೆಯದಾಗಿ, ಗೂಡಿನ ಹಣವು ಈಗ ಬ್ಯಾಂಕಿನ ಖಾತೆಗೆ ಸಂದಾಯವಾಗುತ್ತದೆ. ಜಮೀನೂ ಖಾತೆಯೂ ಗಂಡಸಿನ ಹೆಸರಿನಲ್ಲಿ ಮಾತ್ರ ಇದ್ದು, ದೈವವಶಾತ್ ಆತನಿಗೆ ಏನಾದರೂ ಸಂಭವಿಸಿದರೆ, ಇಪ್ಪತ್ತು ವರ್ಷ ಹುಳು ಸಾಕಿದ ಹೆಂಗಸು ತಾನು ರೇಷ್ಮೆ ಬೆಳೆಗಾರಳೆಂದು ತೋರಿಸಲು ಒಂದು ಕಾಗದವೂ ಇಲ್ಲದೆ ಸಾಲಕ್ಕಾಗಿ ಅಲೆಯಬೇಕಾಗುತ್ತದೆ.

ಮಾಡತಕ್ಕ ಕ್ರಮಗಳು.— (೧) ಸಾಕಣೆ ಮನೆಯ ಬಾಗಿಲಲ್ಲಿ ಒಂದು ಪುಸ್ತಕವನ್ನು ತೂಗುಹಾಕಿ, ಯಾರು ಎಷ್ಟು ಗಂಟೆ ದುಡಿದರೆಂಬುದನ್ನು ದಿನದಿನವೂ ಬರೆಯಿರಿ. ಓದುವ ಮಕ್ಕಳು ಮನೆಯಲ್ಲಿದ್ದರೆ ಈ ಬರವಣಿಗೆ ಅವರಿಂದಲೇ ಆಗಬಹುದು. (೨) ಬೆಳೆ ಮುಗಿದ ಮೇಲೆ ಇಬ್ಬರೂ ಕುಳಿತು ಮೇಲಿನಂತೆ ಲೆಕ್ಕ ತೆಗೆಯಿರಿ. (೩) ಎರಡನೆಯ ಜ್ವರದವರೆಗೆ ಚಾಕಿ ಕೇಂದ್ರದಲ್ಲಿ ಬೆಳೆದ ಹುಳುಗಳನ್ನೇ ತನ್ನಿರಿ. ಮನೆಯವರಿಗೆ ಎಂಟು ಹತ್ತು ದಿನಗಳ ನಾಜೂಕಾದ ಕೆಲಸ ಉಳಿಯುತ್ತದೆ. (೪) ಗೂಡಿನ ಹಣ ಸಂದಾಯವಾಗುವ ಖಾತೆಯನ್ನು ಸಾಧ್ಯವಾದಲ್ಲಿ ಜಂಟಿಯಾಗಿ ಮಾಡಿಸಿರಿ; ಇಲ್ಲವಾದರೆ ಆಕೆಯ ಪಾಲನ್ನು ಆಕೆಯ ಖಾತೆಗೆ ಬೆಳೆಬೆಳೆಗೂ ಕಟ್ಟಿರಿ. (೫) ೧೯೯೨ರಲ್ಲಿ ನಬಾರ್ಡ್ ಆರಂಭಿಸಿದ ಯೋಜನೆಯಿಂದ ಸ್ವಸಹಾಯ ಸಂಘಗಳಿಗೆ ಬ್ಯಾಂಕಿನ ಸಾಲ ದೊರೆಯುವ ಮಾರ್ಗವಾಗಿದೆ. ಊರಿನ ಸಂಘದಲ್ಲಿ ಸದಸ್ಯಳಾದ ಹೆಂಗಸು ಅಂಕಣ, ಚಂದ್ರಿಕೆಗಳಿಗೆ ಬೇಕಾದ ಹಣವನ್ನು ತನ್ನ ಹೆಸರಿನಲ್ಲಿಯೇ ಪಡೆಯಲು ಯತ್ನಿಸಬಹುದು.

ಮನೆಯೊಳಗೆ ಲೆಕ್ಕವೇಕೆಂದು ಕೆಲವರು ಕೇಳಬಹುದು. ಎತ್ತಿನ ಮೇವಿಗೆ, ಪಂಪಿನ ವಿದ್ಯುತ್ತಿಗೆ, ಸೊಪ್ಪಿನ ಮೂಟೆಗೆ ಲೆಕ್ಕವಿಡುವ ರೈತನು ಮನೆಯವರ ದುಡಿಮೆಯನ್ನು ಮಾತ್ರ ಲೆಕ್ಕದಿಂದ ಬಿಡುವುದು ಯುಕ್ತವಲ್ಲ. ಬರುವ ಬೆಳೆಯ ಹುಳುಗಳನ್ನು ಮನೆಗೆ ತರುವ ದಿನವೇ ಪುಸ್ತಕವನ್ನು ಆರಂಭಿಸತಕ್ಕದ್ದು. ಮೂರು ಬೆಳೆಗಳ ಲೆಕ್ಕ ಕೈಯಲ್ಲಿದ್ದರೆ ಅಂಕಣ ಹಾಕಿಸಬೇಕೆ, ಮೊಟ್ಟೆ ಹೆಚ್ಚಿಸಬೇಕೆ, ಆಳನ್ನು ಇಡಬೇಕೆ ಎಂಬ ಪ್ರಶ್ನೆಗಳಿಗೆ ಉತ್ತರವು ಅದರಲ್ಲಿಯೇ ದೊರೆಯುವುದು.