ವಾರಸುದಾರರಿಲ್ಲದ ವಿಂಡೋಸ್ 98ಕ್ಕೆ ಊರವರ ರಿಪೇರಿ

ತಯಾರಿಸಿದ ಕಂಪೆನಿಯೇ ಕೈತೊಳೆದುಕೊಂಡ ಮೇಲೆ ಒಂದು ತಂತ್ರಾಂಶ ಎಷ್ಟು ಕಾಲ ಬದುಕೀತು? ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 98 ಅನ್ನು ಮಾರುಕಟ್ಟೆಗೆ ಬಿಟ್ಟದ್ದು 1998ರ ಜೂನ್ 25ರಂದು. ಮರುವರ್ಷ ಅದರ ಎರಡನೆಯ ಆವೃತ್ತಿ ಬಂತು. 2006ರ ಜುಲೈ 11ಕ್ಕೆ ಕಂಪೆನಿ ಅದರ ಸೇವೆಯ ಬಾಗಿಲು ಹಾಕಿತು. ಇನ್ನು ತಿದ್ದುಪಡಿಯಿಲ್ಲ, ಸಹಾಯವಿಲ್ಲ. ಆದರೂ ಹಳೆಯ ಯಂತ್ರಗಳು ಅಷ್ಟು ಸುಲಭವಾಗಿ ಬೀಳ್ಕೊಡುಗೆ ತೆಗೆದುಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಬೆಲೆಯ ಪ್ರಯೋಗಾಲಯದ ಉಪಕರಣವೊಂದು ಹಳೇ ಮಾದರಿಯ ಕಾರ್ಡಿನ ಮೂಲಕ ಮಾತ್ರ ಕಂಪ್ಯೂಟರಿನೊಡನೆ ಮಾತನಾಡುತ್ತದೆ; ಆ ಕಾರ್ಡಿನ ಭಾಷೆ ವಿಂಡೋಸ್ 98ಕ್ಕೆ ಮಾತ್ರ ಗೊತ್ತು. ಉಪಕರಣ ಗಟ್ಟಿಯಾಗಿಯೇ ಇದೆ. ಅದನ್ನು ಎಸೆಯಲು ಮನಸ್ಸು ಬಂದೀತೇ?

ಹೀಗೆ ಉಳಿದುಕೊಂಡವರ ಸಲುವಾಗಿ, ಹಾಗೂ ಹಳೆಯ ಆಟಗಳ ಹುಚ್ಚು ಬಿಡದವರ ಸಲುವಾಗಿ, ದೇಶವಿದೇಶಗಳ ಹವ್ಯಾಸಿಗಳು ತಾವೇ ತಿದ್ದುಪಡಿ ತಯಾರಿಸತೊಡಗಿದರು. ಇವಕ್ಕೆ ಅನಧಿಕೃತ ಪರಿಷ್ಕರಣೆಗಳು, ಎಂದರೆ ಅನ್‌ಅಫಿಷಿಯಲ್ ಅಪ್‌ಡೇಟ್‌ಗಳು ಎಂದು ಹೆಸರು. ಪುಕ್ಕಟೆ ಸಿಗುತ್ತವೆ. ಬಹುಪಾಲು ಒಳ್ಳೆಯ ಕೆಲಸವನ್ನೇ ಮಾಡುತ್ತವೆ. ಆದರೆ ಹಾಕಿದ ಮರುದಿನ, ಹತ್ತು ವರ್ಷ ತಕರಾರಿಲ್ಲದೆ ನಡೆದ ತಂತ್ರಾಂಶವೊಂದು ಇದ್ದಕ್ಕಿದ್ದಂತೆ ಮುಷ್ಕರ ಹೂಡಬಹುದು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವ ಸ್ಥಿತಿ ಅದು. ಆ ಜಗಳವನ್ನು ಬಿಡಿಸುವ ಬಗೆ ಹೇಗೆಂಬುದೇ ಇಲ್ಲಿಯ ವಿಷಯ.

ಮೂರು ಬಗೆಯ ಮದ್ದು

ಮೊದಲ ಬಗೆ, ಮೈಕ್ರೋಸಾಫ್ಟ್ ತಾನೇ ಬಿಡಿಬಿಡಿಯಾಗಿ ಬಿಡುಗಡೆ ಮಾಡಿದ್ದ ತಿದ್ದುಪಡಿಗಳನ್ನು ಹೆಕ್ಕಿ ಒಂದೇ ಗಂಟು ಕಟ್ಟಿದ್ದು. ಅನಧಿಕೃತ ಸರ್ವೀಸ್ ಪ್ಯಾಕ್ ಎಂದು ಕರೆಯುವುದು ಇದನ್ನೇ. ಇಂಥ ತಿದ್ದುಪಡಿಗೊಂದು ಸ್ವಾರಸ್ಯದ ಉದಾಹರಣೆ ಕೇಳಿ. ವಿಂಡೋಸ್ 95 ಮತ್ತು 98ರ ಮೊದಲ ಆವೃತ್ತಿಗಳು 49.7 ದಿನ ಸತತವಾಗಿ ನಡೆದರೆ ಸ್ತಬ್ಧವಾಗುತ್ತಿದ್ದವು. ಯಂತ್ರ ಹೊತ್ತನ್ನು ಮಿಲಿಸೆಕೆಂಡಿನಲ್ಲಿ, 32 ಬಿಟ್‌ಗಳ ಸಂಖ್ಯೆಯಲ್ಲಿ ಎಣಿಸುತ್ತದೆ. 2ರ 32ನೇ ಘಾತ ಎಂದರೆ 4,29,49,67,296. ಅಷ್ಟು ಮಿಲಿಸೆಕೆಂಡನ್ನು ದಿನಕ್ಕೆ ಪರಿವರ್ತಿಸಿ ನೋಡಿ, ಉತ್ತರ ಸರಿಯಾಗಿ 49.7. ಎಣಿಕೆ ತುಂಬಿ ಮತ್ತೆ ಸೊನ್ನೆಗೆ ಬಂದಾಗ ಗಡಿಯಾರ ನಂಬಿದವರೆಲ್ಲ ಕಕ್ಕಾಬಿಕ್ಕಿ. ಇದಕ್ಕೆ ಕಂಪೆನಿಯೇ ಮದ್ದು ಕೊಟ್ಟಿತ್ತು. ನಮ್ಮ ಕಡೆ ಈ ದೋಷ ಕಂಡವರು ಕಡಿಮೆ. ಕರೆಂಟು 49 ದಿನ ಬಿಡದೆ ಇದ್ದರೆ ತಾನೆ!

ಎರಡನೆಯ ಬಗೆ, ಕಂಪೆನಿಯ ಕಡತವನ್ನೇ ಬಿಚ್ಚಿ ಕೆಲವು ಬೈಟುಗಳನ್ನು ತಿದ್ದಿದ್ದು. ದೊಡ್ಡ ಹಾರ್ಡ್ ಡಿಸ್ಕ್ ಗುರುತಿಸುವಂತೆ ಮಾಡಿದ ಚಾಲಕ ಕಡತ ಈ ಜಾತಿಯದು. ಮೂರನೆಯದು ಹೆಚ್ಚು ಧೈರ್ಯದ ಕೆಲಸ. ಕರ್ನಲ್‌ಎಕ್ಸ್ ಎಂಬ ತಂತ್ರಾಂಶ, 98ರಲ್ಲಿ ಇಲ್ಲದ ಎಷ್ಟೋ ಸೌಲಭ್ಯಗಳನ್ನು ತಾನು ಒದಗಿಸಿ, ವಿಂಡೋಸ್ 2000 ಮತ್ತು ಎಕ್ಸ್‌ಪಿಗಾಗಿ ಬರೆದ ಕೆಲವು ತಂತ್ರಾಂಶಗಳನ್ನು ಇಲ್ಲೂ ನಡೆಸುತ್ತದೆ. ಕನ್ನಡ ಮಾತ್ರ ಬಲ್ಲ ಮನೆಗೆ ದುಭಾಷಿಯನ್ನು ಕರೆತಂದಂತೆ. ದುಭಾಷಿ ಒಳ್ಳೆಯವನೇ, ಆದರೆ ಮನೆಯವರು ತಮ್ಮತಮ್ಮಲ್ಲಿ ಆಡುವ ಮಾತಿನ ನಡುವೆಯೂ ಬಾಯಿ ಹಾಕಿದರೆ ತೊಂದರೆ.

ಕೂಡು ಕುಟುಂಬದ ಒರಳುಕಲ್ಲು

ಜಗಳದ ಮೂಲ ತಿಳಿಯಬೇಕಾದರೆ ಡಿಎಲ್‌ಎಲ್ ಎಂಬ ಕಡತಗಳ ಪರಿಚಯ ಬೇಕು. ತೆರೆಯ ಮೇಲೆ ಗುಂಡಿ ಬಿಡಿಸುವುದು, ಅಕ್ಷರ ಜೋಡಿಸುವುದು ಮುಂತಾದ ಕೆಲಸ ಎಲ್ಲ ತಂತ್ರಾಂಶಗಳಿಗೂ ಬೇಕು. ಪ್ರತಿಯೊಂದೂ ಅದನ್ನು ಬೇರೆಬೇರೆ ಇಟ್ಟುಕೊಂಡರೆ ಜಾಗ ದಂಡ. ಆದ್ದರಿಂದ ಅಂಥ ಕೆಲಸಗಳನ್ನು ಸಾರ್ವಜನಿಕ ಕಡತಗಳಲ್ಲಿ ತುಂಬಿ ವಿಂಡೋಸ್‌ನ 'ಸಿಸ್ಟಂ' ಫೋಲ್ಡರಿನಲ್ಲಿ ಇಟ್ಟಿರುತ್ತಾರೆ. ಕೂಡು ಕುಟುಂಬದ ಹಿತ್ತಲಿನ ಒರಳುಕಲ್ಲಿನಂತೆ; ಕಲ್ಲು ಒಂದು, ರುಬ್ಬುವವರು ಹತ್ತು ಮಂದಿ. ಹೊಸದಾಗಿ ಬಂದ ಸೊಸೆ ತನಗೆ ಅನುಕೂಲವೆಂದು ಒರಳನ್ನು ಬದಲಾಯಿಸಿದರೆ, ಹಳೆಯ ಅಳತೆಗೆ ಕೈ ಪಳಗಿದ ಅತ್ತೆಯ ಹಿಟ್ಟು ತರಿತರಿ.

ವಿಂಡೋಸ್ 2000 ಬಂದ ಮೇಲೆ ಇಂಥ ಕಡತಗಳಿಗೆ ಕಾವಲು ಹಾಕಿದರು. ಯಾರೋ ಬದಲಾಯಿಸಿದರೆ ವ್ಯವಸ್ಥೆ ತಾನೇ ಹಳೆಯದನ್ನು ಮರಳಿ ತಂದು ಇಡುತ್ತಿತ್ತು. 98ರಲ್ಲಿ ಆ ಕಾವಲಿಲ್ಲ. ಯಾವ ತಂತ್ರಾಂಶ ಬೇಕಾದರೂ ತನ್ನ ಪ್ರತಿಯನ್ನು ಹಳೆಯದರ ಮೇಲೆ ಹೇರಬಹುದು. ಇನ್ನೊಂದು ವಿಚಿತ್ರವೂ ಉಂಟು. 16 ಬಿಟ್ ಕಾಲದ ಕಡತಗಳಲ್ಲಿ, ಒಂದೇ ಹೆಸರಿನ ಎರಡು ಪ್ರತಿಗಳಿದ್ದರೆ ಯಾವುದು ಮೊದಲು ಸ್ಮರಣೆಯಲ್ಲಿ ಕುಳಿತಿತೋ ಎಲ್ಲರೂ ಅದನ್ನೇ ಬಳಸಬೇಕು. ಬೆಳಿಗ್ಗೆ ಮೊದಲು ಪತ್ರ ಬರೆಯುವ ತಂತ್ರಾಂಶ ತೆರೆದರೆ ಲೆಕ್ಕದ ತಂತ್ರಾಂಶ ಕೈಕೊಡುತ್ತದೆ, ಲೆಕ್ಕದ್ದನ್ನು ಮೊದಲು ತೆರೆದ ದಿನ ಎರಡೂ ಸುಮ್ಮನಿರುತ್ತವೆ! ಇದನ್ನು ಭೂತಚೇಷ್ಟೆ ಎಂದುಕೊಳ್ಳುವವರಿದ್ದಾರೆ. 'ಲಿಂಕ್ಡ್ ಟು ಮಿಸ್ಸಿಂಗ್ ಎಕ್ಸ್‌ಪೋರ್ಟ್' ಎಂಬ ಸಂದೇಶ ಬಂದರಂತೂ ಅರ್ಥ ಸ್ಪಷ್ಟ: ಹೊಸ ಕಡತವೊಂದು ಹಳೆಯ ಕಡತವನ್ನು ಒಂದು ಸೇವೆ ಕೇಳಿದೆ, ಹಳೆಯದರ ಬಳಿ ಅದು ಇಲ್ಲ. ಸಂದೇಶದಲ್ಲಿ ಎರಡೂ ಕಡತಗಳ ಹೆಸರಿರುತ್ತದೆ. ಗಾಬರಿಯಾಗಿ ಓಕೆ ಒತ್ತುವ ಮೊದಲು ಬರೆದುಕೊಳ್ಳಬೇಕು.

ಪಿಷ್ಟ ಮತ್ತು ಅಯೋಡಿನ್

ನನಗೆ ಪರಿಚಯದ ಒಂದು ಸಣ್ಣ ಮುದ್ರಣಾಲಯದಲ್ಲಿ ಇಂದಿಗೂ ವಿಂಡೋಸ್ 98ರ ಯಂತ್ರವಿದೆ. ಅದರಲ್ಲಿರುವುದು ಹಳೆಯ ಕನ್ನಡ ಡಿಟಿಪಿ ತಂತ್ರಾಂಶ. ಪ್ರಿಂಟರಿನ ಪೋರ್ಟಿಗೆ ಒಂದು ಪುಟ್ಟ ಬೀಗ ಸಿಕ್ಕಿಸಿದ್ದರೆ ಮಾತ್ರ ತೆರೆಯುತ್ತದೆ. ಊರಿನ ಲೇಖಕರ ಪುಸ್ತಕಗಳು, ಜಾತ್ರೆಯ ಕರಪತ್ರ, ಮೂರು ತಲೆಮಾರಿನ ಲಗ್ನಪತ್ರಿಕೆ ಎಲ್ಲವೂ ಅದರ ಹೊಟ್ಟೆಯಲ್ಲಿ. ಬರಿಯ ಪಠ್ಯವನ್ನಾದರೆ ಯೂನಿಕೋಡಿಗೆ ಪರಿವರ್ತಿಸಬಹುದು. ಪುಟ ಕಟ್ಟಿದ ಕಡತಗಳನ್ನು ಹಾಗೆಯೇ ಹೊಸ ಯಂತ್ರಕ್ಕೆ ಒಯ್ಯುವ ದಾರಿಯಿಲ್ಲ. ಮಾಲೀಕರ ಸೋದರಳಿಯ ಪೆನ್‌ಡ್ರೈವ್ ಕೆಲಸ ಮಾಡಲೆಂದು ಅನಧಿಕೃತ ಯುಎಸ್‌ಬಿ ಚಾಲಕ, ಸರ್ವೀಸ್ ಪ್ಯಾಕ್, ಕರ್ನಲ್‌ಎಕ್ಸ್, ದೊಡ್ಡ ಡಿಸ್ಕಿನ ಚಾಲಕ ಈ ನಾಲ್ಕನ್ನೂ ಒಂದೇ ಸಂಜೆ ಹಾಕಿದ. ಪೆನ್‌ಡ್ರೈವ್ ಬಂತು. ಡಿಟಿಪಿ ತಂತ್ರಾಂಶ ಮಾತ್ರ ತನ್ನ ಬೀಗ ಕಾಣುತ್ತಿಲ್ಲವೆಂದು ಹೇಳಿ ಮುಚ್ಚಿಕೊಂಡಿತು.

"ಮೇಷ್ಟ್ರೇ, ಇದು ಹೋದ್ರೆ ನಮ್ಮ ಪ್ರೆಸ್ಸೇ ಹೋದ ಹಾಗೆ, ಏನಾದ್ರೂ ಮಾಡಿ" ಎಂದರು ಮಾಲೀಕರು.

"ಮಾಡೋಣ ರಾಯರೇ, ಮೊದಲು ಆ ಡಿಸ್ಕು ಬಿಚ್ಚಿ ಬೀರುವಿನಲ್ಲಿಡಿ" ಎಂದೆ.

ರೋಗಿಯ ಮೇಲೇ ಪ್ರಯೋಗ ಮಾಡಬಾರದು. ಹುಡುಗ ಹೊಸದನ್ನು ಹಾಕುವ ಮೊದಲು ಇಡೀ ಡಿಸ್ಕಿನ ಒಂದು ನಕಲು ತೆಗೆದಿದ್ದ, ಅದೊಂದು ಪುಣ್ಯ. ಆ ನಕಲಿನಿಂದ ಮತ್ತೊಂದು ನಕಲು ಮಾಡಿ ಕೆಲಸ ಶುರುಮಾಡಿದೆವು. ಯುಗಾದಿಗೋ ಗಣೇಶನ ಹಬ್ಬಕ್ಕೋ ದೀಪದ ಸರದಲ್ಲಿ ಸತ್ತ ಬಲ್ಬನ್ನು ಹುಡುಕುವಾಗ ಅರ್ಧರ್ಧ ಮಾಡಿ ನೋಡುತ್ತೇವಲ್ಲ, 64 ಬಲ್ಬಿದ್ದರೆ ಆರು ಸಲಕ್ಕೆ ಸಿಗುತ್ತದೆ. ಇಲ್ಲಿ ಆ ಉಪಾಯ ಸಾಲದು. ಒಂದೊಂದನ್ನೇ ಹಾಕಿ ನೋಡಿದಾಗ ನಾಲ್ಕೂ ನಿರಪರಾಧಿಗಳು! ಪಿಷ್ಟದ ದ್ರಾವಣ ಬಿಳಿ, ಅಯೋಡಿನ್ ಕಂದು; ನೀಲಿ ಬಣ್ಣ ಎರಡರಲ್ಲಿ ಯಾವುದರಲ್ಲೂ ಇಲ್ಲ, ಕೂಡಿದಾಗ ಮಾತ್ರ ಬರುತ್ತದೆ. ನಾಲ್ಕರಲ್ಲಿ ಎರಡೆರಡರ ಜೋಡಿಗಳು ಆರು. ಆರನ್ನೂ ಪರೀಕ್ಷಿಸಬೇಕಾಯಿತು. ಪ್ರತಿ ಸಲವೂ ಹೊಸ ನಕಲಿನಿಂದಲೇ ಆರಂಭ, ಏಕೆಂದರೆ 'ಅನ್‌ಇನ್‌ಸ್ಟಾಲ್' ಮಾಡಿದ ಮಾತ್ರಕ್ಕೆ ಬದಲಾದ ಕಡತಗಳೆಲ್ಲ ಹಿಂದಿನಂತಾಗುವುದಿಲ್ಲ. ಎರಡು ಭಾನುವಾರ ಹಿಡಿಯಿತು. ಸರ್ವೀಸ್ ಪ್ಯಾಕ್ ಮತ್ತು ಕರ್ನಲ್‌ಎಕ್ಸ್ ಒಟ್ಟಿಗಿದ್ದಾಗ ಮಾತ್ರ ಬೀಗ ಮಾಯ.

ಪರಿಹಾರಕ್ಕೆ ಎರಡು ನಿಮಿಷ ಸಾಕಾಯಿತು. ಕರ್ನಲ್‌ಎಕ್ಸ್ ಹಾಕಿದ ಯಂತ್ರದಲ್ಲಿ ಯಾವುದೇ ತಂತ್ರಾಂಶದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಹೊಂದಾಣಿಕೆಯ ಒಂದು ಹಾಳೆ ಕಾಣುತ್ತದೆ. ಈ ತಂತ್ರಾಂಶಕ್ಕೆ ಮಾತ್ರ ಕರ್ನಲ್‌ಎಕ್ಸ್ ಬೇಡ ಎಂದು ಅಲ್ಲಿ ಗುರುತು ಹಾಕಬಹುದು. ದುಭಾಷಿಗೆ ಈ ಕೋಣೆಗೆ ಬರಬೇಡ ಎಂದು ಹೇಳಿದ ಹಾಗೆ.

ಅರ್ಧ ಹಿಂದಕ್ಕೆ ಹೋಗುವ ಅಪಾಯ

ಇಂಥ ಹೊತ್ತಿನಲ್ಲಿ ತಿಳಿದವರು ಥಟ್ಟನೆ ಹೇಳುವ ಸಲಹೆ, 'ಸ್ಕ್ಯಾನ್‌ರೆಗ್ ರಿಸ್ಟೋರ್ ಕೊಡಿ' ಎಂಬುದು. ವಿಂಡೋಸ್ 98 ದಿನಕ್ಕೊಮ್ಮೆ, ಯಂತ್ರ ಸರಿಯಾಗಿ ಶುರುವಾದಾಗ, ತನ್ನ ರಿಜಿಸ್ಟ್ರಿಯ ಪ್ರತಿಯೊಂದನ್ನು ಕಟ್ಟಿಡುತ್ತದೆ. ಸಾಮಾನ್ಯವಾಗಿ ಐದು ಪ್ರತಿ ಉಳಿಸಿಕೊಳ್ಳುತ್ತದೆ. ಡಾಸ್‌ಗೆ ಹೋಗಿ ಈ ಆಜ್ಞೆ ಕೊಟ್ಟರೆ ಹಳೆಯ ಪ್ರತಿ ಮರಳುತ್ತದೆ. ಒಳ್ಳೆಯ ಏರ್ಪಾಡು, ನಿಜ. ಆದರೆ ಮರಳುವುದು ರಿಜಿಸ್ಟ್ರಿ ಮತ್ತು ಒಂದೆರಡು ವ್ಯವಸ್ಥಾ ಕಡತಗಳು ಮಾತ್ರ. ಡಿಎಲ್‌ಎಲ್‌ಗಳು ಹೊಸವಾಗಿಯೇ ಉಳಿಯುತ್ತವೆ! ಮನೆಯ ಲೆಕ್ಕದ ಪುಸ್ತಕ ಹೋದ ವಾರದ್ದು, ಪೆಟ್ಟಿಗೆಯಲ್ಲಿರುವ ದುಡ್ಡು ಈ ವಾರದ್ದು. ಎರಡಿದ್ದ ಜಗಳ ಮೂರಾಗಲು ಇಷ್ಟು ಸಾಕು. ಜೊತೆಗೆ, ಆರು ದಿನ ಅರೆಬರೆ ನಡೆದ ಯಂತ್ರದಲ್ಲಿ ಒಳ್ಳೆಯ ಪ್ರತಿ ಆಗಲೇ ಅಳಿಸಿಹೋಗಿರುತ್ತದೆ. ಕಾಲವನ್ನು ಪೂರ್ತಿ ಹಿಂದಕ್ಕೆ ತಿರುಗಿಸುವ ಸಿಸ್ಟಂ ರಿಸ್ಟೋರ್ ಸೌಲಭ್ಯ ಬಂದದ್ದು 2000ದ ವಿಂಡೋಸ್ ಎಂಇಯಲ್ಲಿ, 98ರಲ್ಲಿ ಅದಿಲ್ಲ.

ಯಂತ್ರ ಶುರುವೇ ಆಗದಿದ್ದರೆ? ಆರಂಭದಲ್ಲಿ ಕಂಟ್ರೋಲ್ ಅಥವಾ ಎಫ್8 ಕೀಲಿ ಒತ್ತಿ ಹಿಡಿದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ 'ಲಾಗ್ಡ್' ಆರಿಸಿದರೆ, ಯಾವ ಚಾಲಕ ಏರಿತು, ಯಾವುದು ಏರಲಿಲ್ಲ ಎಂದು ಬೂಟ್‌ಲಾಗ್ ಕಡತದಲ್ಲಿ ದಾಖಲಾಗುತ್ತದೆ. ಆರೋಗ್ಯವಾಗಿರುವ ಯಂತ್ರದ ಬೂಟ್‌ಲಾಗ್‌ನಲ್ಲೂ 'ಲೋಡ್ ಫೇಲ್' ಎಂಬ ಸಾಲುಗಳು ನಾಲ್ಕಾರು ಇದ್ದೇ ಇರುತ್ತವೆ. ಹಾಗಾಗಿ ಯಂತ್ರ ನೆಟ್ಟಗಿರುವಾಗಲೇ ಒಂದು ಬೂಟ್‌ಲಾಗ್ ಮುದ್ರಿಸಿ ಇಟ್ಟುಕೊಳ್ಳಿ. ಕೆಟ್ಟಾಗ ಎರಡನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡಿದರಾಯಿತು. ಹೆಚ್ಚಾಗಿ ಕೊನೆಯ ಸಾಲೇ ಗುಟ್ಟು ಹೇಳುತ್ತದೆ.

ಎಲ್ಲ ತೊಂದರೆಗೂ ಪರಿಷ್ಕರಣೆಯನ್ನೇ ದೂರಬೇಕಿಲ್ಲ. 512 ಮೆಗಾಬೈಟ್‌ಗಿಂತ ಹೆಚ್ಚು ರ‍್ಯಾಮ್ ತುಂಬಿಸಿದ ಯಂತ್ರ 'ಸ್ಮರಣೆ ಸಾಲದು' ಎಂದು ಅಳುವುದುಂಟು. ಉಂಡವನಿಗೇ ಹಸಿವು! ಕಡತಗಳ ತಾತ್ಕಾಲಿಕ ದಾಸ್ತಾನಿಗೆ ಮಿತಿಮೀರಿ ಜಾಗ ಕಾದಿರಿಸುವುದರಿಂದ ಹೀಗಾಗುತ್ತದೆ. ಸಿಸ್ಟಂ.ಐಎನ್‌ಐ ಕಡತದ 'ವಿಕ್ಯಾಶ್' ಭಾಗದಲ್ಲಿ 'ಮ್ಯಾಕ್ಸ್‌ಫೈಲ್‌ಕ್ಯಾಶ್' ಬೆಲೆಯನ್ನು 524288 ಅಥವಾ ಅದಕ್ಕಿಂತ ಕಡಿಮೆ ಇಡಬೇಕೆಂದು ಕಂಪೆನಿಯೇ ಹೇಳಿತ್ತು.

ತೆಗೆಯಬಾರದ ಮದ್ದು

ಇದಕ್ಕಿಂತ ಗಂಭೀರವಾದದ್ದು ಡಿಸ್ಕಿನ ವಿಚಾರ. ವಿಂಡೋಸ್ 98ರ ಮೂಲ ಡಿಸ್ಕ್ ಚಾಲಕ ಡಿಸ್ಕಿನ ಸೆಕ್ಟರುಗಳಿಗೆ 28 ಬಿಟ್‌ಗಳಲ್ಲಿ ನಂಬರು ಕೊಡುತ್ತದೆ. 2ರ 28ನೇ ಘಾತ 26,84,35,456. ಒಂದೊಂದಕ್ಕೆ 512 ಬೈಟ್ ಎಂದರೆ ಸುಮಾರು 137 ಗಿಗಾಬೈಟ್. ಅದರಾಚೆಗೆ ಬರೆಯಲು ಹೋದರೆ ನಂಬರಿನ ಮೇಲಿನ ಬಿಟ್‌ಗಳು ಉದುರಿ, ಮಾಹಿತಿ ಡಿಸ್ಕಿನ ಆರಂಭದಲ್ಲಿ ಹೋಗಿ ಕೂರುತ್ತದೆ. ಸ್ಕೂಟರಿನ ಮೀಟರು 99999 ದಾಟಿ 00000ಕ್ಕೆ ಬಂದ ಹಾಗೆ. ಆರಂಭದಲ್ಲಿರುವುದು ಕಡತಗಳ ಪಟ್ಟಿಯೇ. ಅದು ಅಳಿಸಿದರೆ ಉಳಿದದ್ದೆಲ್ಲ ಗುಜರಿ.

ತಿದ್ದಿದ ಅನಧಿಕೃತ ಚಾಲಕ ಈ ಅನಾಹುತವನ್ನು ತಡೆಯುತ್ತದೆ. ಆದರೆ 98ರಲ್ಲೇ ಇರುವ ಸಿಸ್ಟಂ ಫೈಲ್ ಚೆಕರ್ ಎಂಬ ಪರೀಕ್ಷಕನಿಗೆ, ಬದಲಾದ ಕಡತಗಳನ್ನೂ ನೋಡು ಎಂದು ಹೇಳಿದ್ದರೆ, ಅದು ಈ ಚಾಲಕನನ್ನು ಹಿಡಿದು ಮೂಲ ಪ್ರತಿಯನ್ನು ಮರಳಿ ಇಡಲೇ ಎಂದು ಕೇಳುತ್ತದೆ. ವಿಧೇಯನಾಗಿ ಹೂಂ ಎಂದರೆ, ಅಂದು ಏನೂ ಆಗುವುದಿಲ್ಲ. ಡಿಸ್ಕು 137ರ ಗೆರೆ ದಾಟಿದ ದಿನ ಎಲ್ಲ ಮುಗಿಯುತ್ತದೆ. ಜಗಳ ಬಿಡಿಸಲು ಹಳೆಯ ಕಡತಗಳನ್ನೆಲ್ಲ ಒಟ್ಟಿಗೆ ಮರಳಿ ತರಬಾರದು ಎನ್ನುವುದು ಇದಕ್ಕೇ. ಸುಲಭದ ದಾರಿ, ಇಂಥ ಯಂತ್ರಕ್ಕೆ 120 ಗಿಗಾಬೈಟ್ ಮೀರದ ಡಿಸ್ಕನ್ನೇ ಹಾಕುವುದು. ಲಗ್ನಪತ್ರಿಕೆಗಳಿಗೆ ಅದೇ ಧಾರಾಳ. ಅಂತರ್ಜಾಲದ ಸಂಪರ್ಕವಂತೂ ಬೇಡವೇ ಬೇಡ. ಊರವರ ರಿಪೇರಿ ಎಷ್ಟೇ ಚೆನ್ನಾಗಿದ್ದರೂ ಇಂದಿನ ಕಳ್ಳರನ್ನು ತಡೆಯುವ ಬೀಗ ಈ ಮನೆಯಲ್ಲಿಲ್ಲ.

ಕೊನೆಗೆ ಕನ್ನಡದ ಮಾತು. ಶೇಷಾದ್ರಿವಾಸು ಅವರ 'ಬರಹ'ದ ಮೊದಲ ಆವೃತ್ತಿ ಬಂದದ್ದೂ ಅದೇ 1998ರಲ್ಲಿ. ಬರಹವಾಗಲಿ, ಆಮೇಲೆ ಕನ್ನಡ ಗಣಕ ಪರಿಷತ್ತು ತಂದ 'ನುಡಿ'ಯಾಗಲಿ, ಆಗ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ನಡೆಸುತ್ತಿದ್ದವು. 98ಕ್ಕೆ ಅದು ಕನ್ನಡವೆಂದೇ ಗೊತ್ತಾಗುತ್ತಿರಲಿಲ್ಲ. ವಿಂಡೋಸ್ ಯೂನಿಕೋಡ್ ಕನ್ನಡ ಕಲಿತದ್ದು 2001ರ ಎಕ್ಸ್‌ಪಿಯಲ್ಲಿ. ಒತ್ತಕ್ಷರ, ಗುಣಿತಗಳನ್ನು ಜೋಡಿಸುವ ಕೆಲಸ ಯುಎಸ್‌ಪಿ10 ಎಂಬ ಡಿಎಲ್‌ಎಲ್‌ನದು. ಹಳೆಯ ಯಂತ್ರದಲ್ಲೂ ಯೂನಿಕೋಡ್ ಕನ್ನಡ ನೋಡುವ ಆಸೆಯಿಂದ ಈ ಕಡತದ ತೀರಾ ಹೊಸ ಪ್ರತಿಯನ್ನು ತಂದು ಸಿಸ್ಟಂ ಫೋಲ್ಡರಿಗೆ ಹಾಕಿದರೆ, ಅದು 98ರ ಬಳಿ ಇಲ್ಲದ ಸೇವೆಗಳನ್ನು ಕೇಳಿ, ಮೇಲೆ ಹೇಳಿದ 'ಮಿಸ್ಸಿಂಗ್ ಎಕ್ಸ್‌ಪೋರ್ಟ್' ಸಂದೇಶ ತರುತ್ತದೆ. ಆ ಕಡತವನ್ನು ನೆಚ್ಚಿದ ಬೇರೆ ತಂತ್ರಾಂಶಗಳೂ ಜೊತೆಗೇ ಮುಗ್ಗರಿಸುತ್ತವೆ.

98ರ ಎರಡನೆಯ ಆವೃತ್ತಿಯಲ್ಲಿ ಇದಕ್ಕೊಂದು ಉಪಾಯವನ್ನು ಕಂಪೆನಿಯೇ ಇಟ್ಟಿತ್ತು. ಬೇಕಾದ ಡಿಎಲ್‌ಎಲ್ ಪ್ರತಿಯನ್ನು ಸಿಸ್ಟಂ ಫೋಲ್ಡರಿಗೆ ಹಾಕದೆ, ಆ ಒಂದು ತಂತ್ರಾಂಶದ ಫೋಲ್ಡರಿನಲ್ಲೇ ಇಡಿ. ಪಕ್ಕದಲ್ಲಿ ತಂತ್ರಾಂಶದ ಪೂರ್ಣ ಹೆಸರಿನ ಮುಂದೆ ಚುಕ್ಕಿ, 'ಲೋಕಲ್' ಎಂದು ಸೇರಿಸಿದ ಖಾಲಿ ಕಡತವೊಂದನ್ನು ಸೃಷ್ಟಿಸಿ. ಒಳಗೆ ಏನೂ ಬರೆಯಬೇಕಿಲ್ಲ. ಆ ಹೆಸರನ್ನು ಕಂಡ ವಿಂಡೋಸ್ ಮೊದಲು ಅದೇ ಫೋಲ್ಡರಿನಲ್ಲಿ ಹುಡುಕುತ್ತದೆ. ನೋಟ್‌ಪ್ಯಾಡ್‌ನಲ್ಲಿ ಮಾಡುವವರು ಅದು ತಾನಾಗಿ ಬಾಲಕ್ಕೆ 'ಟಿಎಕ್ಸ್‌ಟಿ' ಅಂಟಿಸಿಲ್ಲ ತಾನೆ ಎಂದು ಒಮ್ಮೆ ನೋಡಿಕೊಳ್ಳಿ. ಕೆಟ್ಟರೆ ಆ ತಂತ್ರಾಂಶವೊಂದೇ ಕೆಡುತ್ತದೆ. ಎರಡು ಕಡತ ಅಳಿಸಿದರೆ ಎಲ್ಲ ಮೊದಲಿನಂತೆ.