ಅಶ್ವತ್ಥಾಮ ಮಾಯವಾದ ಮೇಲೆ ಹೇಳಿದವರಾರು?

ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸುವುದು ಹಳೆ ಮೈಸೂರು ಸೀಮೆಯ ರೂಢಿ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಮಳೆಗೆ ಕಾಯುವುದೇ ಕಸುಬಾದ್ದರಿಂದ ಆ ಓದಿಗೂ ಬರವಿಲ್ಲ. ಓದು ಮುಗಿದು ಕಡ್ಲೆಪುರಿ ಹಂಚುವ ಹೊತ್ತಿಗೆ ಯಾರಾದರೊಬ್ಬರು ಆ ಕಥೆ ತೆಗೆದೇ ತೆಗೆಯುತ್ತಾರೆ. ಕುಮಾರವ್ಯಾಸನಿಗೆ ಭಾರತ ಹೇಳಿದ್ದು ಸಾಕ್ಷಾತ್ ಅಶ್ವತ್ಥಾಮನಂತೆ. ಗುಟ್ಟು ಬಿಡಬಾರದೆಂಬ ಕರಾರಿತ್ತಂತೆ. ಕವಿ ಹೆಂಡತಿಯೆದುರು ಬಾಯಿಬಿಟ್ಟನಂತೆ. (ಹೆಂಡತಿಯ ತಲೆಗೆ ಕಟ್ಟದ ಹೊರತು ನಮ್ಮಲ್ಲಿ ಯಾವ ಕಥೆಯೂ ಪೂರ್ತಿಯಾಗುವುದಿಲ್ಲ.) ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಅಶ್ವತ್ಥಾಮ ಮಾಯ, ಅದಕ್ಕೇ ಕಾವ್ಯ ಹತ್ತೇ ಪರ್ವಕ್ಕೆ ನಿಂತಿತಂತೆ.

ಗದಾಪರ್ವ ಬಿಚ್ಚಿ ನೋಡಿ ಸ್ವಾಮಿ! ತೊಡೆ ಮುರಿದಲ್ಲಿಗೆ ಕಥೆ ಎಲ್ಲಿ ನಿಂತಿದೆ? ಅಶ್ವತ್ಥಾಮ ರಾತ್ರೋರಾತ್ರಿ ಪಾಂಡವರ ಪಾಳೆಯಕ್ಕೆ ನುಗ್ಗಿ ದ್ರೌಪದಿಯ ಮಕ್ಕಳನ್ನು ಕೊಲ್ಲುತ್ತಾನೆ, ಸಿಕ್ಕಿಬಿದ್ದು ಶಿರೋಮಣಿ ಕಳೆದುಕೊಳ್ಳುತ್ತಾನೆ. ಕಾವ್ಯ ಮುಗಿಯುವುದು ಧರ್ಮರಾಯನ ಪಟ್ಟಾಭಿಷೇಕದಲ್ಲಿ. ಮಾಯವಾದವನು ತನ್ನ ಮಾನ ಹೋದ ಪ್ರಸಂಗವನ್ನು ಹೇಳಲೆಂದೇ ಮರಳಿ ಬಂದನೋ? ಕೃಷ್ಣಕಥೆ ಹೇಳುತ್ತೇನೆಂದು ಹೊರಟ ಕವಿಗೆ ಪಟ್ಟಾಭಿಷೇಕಕ್ಕಿಂತ ತಕ್ಕ ಮುಕ್ತಾಯ ಬೇರೆ ಇಲ್ಲ. ನನ್ನ ಮಟ್ಟಿಗೆ ಅದು ಅರ್ಧಕ್ಕೆ ಬಿಟ್ಟ ಕಾವ್ಯವಲ್ಲ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿದ ಕಾವ್ಯ.

ಹದಿನೆಂಟು ಪರ್ವವೂ ಅವನದೇ ಎನ್ನುವವರೂ ಇದ್ದಾರೆ. ಅಲ್ಲ, ಮುಂದಿನ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ (1509–1529) ತಿಮ್ಮಣ್ಣ ಕವಿ ಬರೆದ. ಜೈಮಿನಿ ಭಾರತ ಇದರ ಮುಂದುವರಿಕೆಯಲ್ಲ; ಲಕ್ಷ್ಮೀಶನದು ಅಶ್ವಮೇಧದ ಕಥೆ, ಅದರ ಮೂಲವೂ ಬೇರೆ. ಕುಮಾರವ್ಯಾಸ ಮಿಂದು ಉಟ್ಟ ಒದ್ದೆ ಬಟ್ಟೆ ಆರುವ ತನಕ ಮಾತ್ರ ಬರೆಯುತ್ತಿದ್ದ ಎಂಬ ಇನ್ನೊಂದು ಕಥೆಗೂ ಆ ಬಟ್ಟೆಯೊಂದೇ ಸಾಕ್ಷಿ.

ಕೃತಿ ಎಲ್ಲಿಗೆ ನಿಂತಿತು, ಮುಂದಿನದು ಯಾರದು ಎಂಬ ನಿಜವಾದ ತಕರಾರು ಚೀನಾದ ‘ಕೆಂಪು ಮಹಲಿನ ಕನಸು’ ಕಾದಂಬರಿಯದು. ಅದನ್ನು ಬರೆದ ತ್ಸಾವೊ ಶುಯೆಚಿನ್ ಸತ್ತ ಮೇಲೂ ಕೈಬರಹದಲ್ಲಿ ಓಡಾಡುತ್ತಿದ್ದದ್ದು 80 ಅಧ್ಯಾಯ. 1791ರಲ್ಲಿ ಅಚ್ಚಾದದ್ದು 120. ಆ ನಲವತ್ತು ಯಾರವೆಂದು ಅಲ್ಲಿನವರು ಓದಿ ಜಗಳವಾಡುತ್ತಾರೆ. ನಾವು ಓದದೆಯೇ ನಂಬುತ್ತೇವೆ. 1958ರಲ್ಲಿ ಕುವೆಂಪು, ಮಾಸ್ತಿ ಸಂಪಾದಿಸಿಕೊಟ್ಟ ಭಾರತವನ್ನು ಸರ್ಕಾರವೇ ಅಚ್ಚು ಹಾಕಿಸಿತು. ಎಷ್ಟೋ ಮನೆಗಳಲ್ಲಿ ಅದಿರುವುದು ದೇವರ ಗೂಡಿನಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು.

ಮೊನ್ನೆ ಗುಂಡ್ಲುಪೇಟೆ ಬಸ್ಸಿನಲ್ಲಿ ಪಕ್ಕದವರೊಬ್ಬರು ಮೊಬೈಲ್ ಮುಂದೆ ಹಿಡಿದರು. ನರ್ಮದಾ ತೀರದಲ್ಲಿ ಅಶ್ವತ್ಥಾಮ, ಹಣೆಯಲ್ಲಿ ಗಾಯ. ‘ಆ ಮಣಿ ಕಿತ್ತದ್ದು ನಮ್ಮ ಗದಾಪರ್ವದಲ್ಲೇ ಇದೆ, ಓದಿದ್ದೀರಾ?’ ಎಂದೆ.

‘ಅಲ್ಲಿಗಂಟ ಕುಮಾರವ್ಯಾಸ ಬರ್ದೇ ಇಲ್ವಲ್ಲ ಸಾ’ ಎಂದರು.